ಟೈಮ್.ಕ್ಲಾಕ್ ಹೋದ ಮೇಲೆ ಯಾವ ಗಡಿಯಾರ? ಪೈಥಾನ್ ಕಾಲಮಾಪನ ಫಂಕ್ಷನ್‌ಗಳ ಹೋಲಿಕೆಯ ಮಾರ್ಗದರ್ಶಿ

ಹಳೆಯ ಪೈಥಾನ್ ಪ್ರೋಗ್ರಾಮೊಂದನ್ನು 3.8 ಅಥವಾ ಅದರ ನಂತರದ ಆವೃತ್ತಿಯಲ್ಲಿ ಓಡಿಸಲು ಹೊರಟವರಿಗೆ ಇಂದಿಗೂ ಎದುರಾಗುವ ದೋಷಗಳಲ್ಲಿ ಒಂದು, 'ಟೈಮ್' ಮಾಡ್ಯೂಲಿನಲ್ಲಿ 'ಕ್ಲಾಕ್' ಎಂಬುದೇ ಇಲ್ಲ ಎಂದು ಹೇಳುವ ಆಟ್ರಿಬ್ಯೂಟ್ ಎರರ್. ಪರಿಹಾರ ಹುಡುಕಿದರೆ ಒಂದೇ ಸಾಲಿನ ಉತ್ತರ ತಕ್ಷಣ ಸಿಗುತ್ತದೆ: ಟೈಮ್.ಕ್ಲಾಕ್ ಇದ್ದಲ್ಲೆಲ್ಲ ಪರ್ಫ್_ಕೌಂಟರ್ ಎಂದು ಬದಲಿಸಿ. ಬದಲಿಸಿದರೆ ದೋಷ ಹೋಗುತ್ತದೆ, ಪ್ರೋಗ್ರಾಂ ಓಡುತ್ತದೆ, ಅಂಕಿಗಳೂ ಬರುತ್ತವೆ. ಆದರೆ ಮೊದಲು ಅಳೆಯುತ್ತಿದ್ದುದನ್ನೇ ಆ ಅಂಕಿಗಳು ಈಗಲೂ ಅಳೆಯುತ್ತಿವೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ಮೂಲ ಕೋಡ್ ಲಿನಕ್ಸ್‌ನಲ್ಲಿ ಹುಟ್ಟಿ ಬೆಳೆದದ್ದಾದರೆ ಈ ಬದಲಾವಣೆಯಿಂದ ಅಳತೆಯ ಅರ್ಥವೇ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಹುಟ್ಟಿದ್ದಾದರೆ ಅದೇ ಬದಲಾವಣೆ ಸರಿಯಾಗಿ ಕೂರುತ್ತದೆ.

ತೆಗೆದುಹಾಕಿದ ಫಂಕ್ಷನ್‌ಗೆ ಒಂದಕ್ಕೊಂದು ಸಮನಾದ ಬದಲಿ ಇಲ್ಲ, ಯಾಕೆಂದರೆ ಅದು ಒಂದು ಫಂಕ್ಷನ್ ಆಗಿರಲೇ ಇಲ್ಲ. ಆದ್ದರಿಂದ ಯಾವ ಹೊಸ ಗಡಿಯಾರವನ್ನು ಆರಿಸಬೇಕು ಎಂದು ಕೇಳುವ ಮೊದಲು, ಈ ಕೋಡ್ ಬರೆದವರು ಏನನ್ನು ಅಳೆಯಲು ಬಯಸಿದ್ದರು ಎಂದು ಕೇಳಬೇಕಾಗುತ್ತದೆ. ಈ ಮಾರ್ಗದರ್ಶಿ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಹೋಗುತ್ತದೆ.

ಒಂದು ಹೆಸರು, ಎರಡು ಅಳತೆ

ಯೂನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಟೈಮ್.ಕ್ಲಾಕ್, ಸಿ ಭಾಷೆಯ ಅದೇ ಹೆಸರಿನ ಫಂಕ್ಷನ್ನನ್ನು ಕರೆಯುತ್ತಿತ್ತು. ಅದು ಕೊಡುತ್ತಿದ್ದುದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಬಳಸಿದ ಪ್ರೊಸೆಸರ್ ಸಮಯ, ಅಂದರೆ ಪ್ರೋಗ್ರಾಮಿನ ಪರವಾಗಿ ಸಿಪಿಯು ನಿಜವಾಗಿ ದುಡಿದ ಹೊತ್ತು. ಪ್ರೋಗ್ರಾಂ ನಿದ್ರಿಸುತ್ತಿದ್ದರೆ, ಡಿಸ್ಕಿನಿಂದ ಡೇಟಾ ಬರಲೆಂದು ಕಾಯುತ್ತಿದ್ದರೆ, ನೆಟ್‌ವರ್ಕಿನ ಉತ್ತರಕ್ಕಾಗಿ ನಿಂತಿದ್ದರೆ ಈ ಗಡಿಯಾರ ಓಡುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಅದೇ ಹೆಸರು ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್ ಎಂಬ ವ್ಯವಸ್ಥೆಯ ಸೌಲಭ್ಯವನ್ನು ಬಳಸಿ, ಆ ಫಂಕ್ಷನ್ನನ್ನು ಮೊದಲ ಬಾರಿ ಕರೆದಾಗಿನಿಂದ ಹೊರ ಜಗತ್ತಿನಲ್ಲಿ ಕಳೆದ ಸಮಯವನ್ನು ಹೇಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಳೆದ ಹೊತ್ತು ಬೇರೆ, ಅದರಲ್ಲಿ ಕೈ ಕೆಲಸದ ಮೇಲಿದ್ದ ಹೊತ್ತು ಬೇರೆ; ಈ ಫಂಕ್ಷನ್ ಒಂದು ಕಡೆ ಮೊದಲನೆಯದನ್ನೂ ಇನ್ನೊಂದು ಕಡೆ ಎರಡನೆಯದನ್ನೂ ಒಂದೇ ಹೆಸರಿನಲ್ಲಿ ಕೊಡುತ್ತಿತ್ತು.

ವ್ಯತ್ಯಾಸ ಎಷ್ಟೆಂದು ತಿಳಿಯಲು ಮೂರು ಸಾಲಿನ ಪ್ರೋಗ್ರಾಂ ಸಾಕು. ಟೈಮ್.ಕ್ಲಾಕ್ ಕರೆದು ಉತ್ತರವನ್ನು ಇಟ್ಟುಕೊಳ್ಳಿ, ಟೈಮ್.ಸ್ಲೀಪ್‌ಗೆ 2 ಎಂದು ಕೊಟ್ಟು ಎರಡು ಸೆಕೆಂಡ್ ನಿಲ್ಲಿಸಿ, ಮತ್ತೆ ಟೈಮ್.ಕ್ಲಾಕ್ ಕರೆದು ವ್ಯತ್ಯಾಸವನ್ನು ಮುದ್ರಿಸಿ. ಪೈಥಾನ್ 3.7ರಲ್ಲಿ, ವಿಂಡೋಸ್‌ನಲ್ಲಿ ಉತ್ತರ ಸುಮಾರು 2. ಲಿನಕ್ಸ್‌ನಲ್ಲಿ ಬಹುತೇಕ ಸೊನ್ನೆ. ಎರಡೂ ಉತ್ತರ ಅದರದರ ಅರ್ಥದಲ್ಲಿ ಸರಿಯೇ.

ಇದಕ್ಕಿಂತ ಅಪಾಯಕಾರಿಯಾದ ಬಳಕೆ ಕಾಯುವ ಕುಣಿಕೆಗಳಲ್ಲಿ (ಲೂಪ್‌ಗಳಲ್ಲಿ) ಕಾಣುತ್ತಿತ್ತು. 'ಐದು ಸೆಕೆಂಡ್ ಆಗುವವರೆಗೆ ನೋಡುತ್ತಿರು, ಪ್ರತಿ ಸುತ್ತಿನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ನಿದ್ರಿಸು' ಎಂಬ ತರ್ಕವನ್ನು ಟೈಮ್.ಕ್ಲಾಕ್ ಆಧಾರದಲ್ಲಿ ಬರೆದರೆ ಅದು ವಿಂಡೋಸ್‌ನಲ್ಲಿ ಐದು ಸೆಕೆಂಡಿಗೆ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಪ್ರತಿ ಸುತ್ತಿಗೆ ಸಿಪಿಯು 0.1 ಮಿಲಿಸೆಕೆಂಡ್ ದುಡಿಯುತ್ತದೆ ಎಂದಿಟ್ಟುಕೊಂಡರೆ, ಐದು ಸೆಕೆಂಡಿನ ಸಿಪಿಯು ಸಮಯ ಕೂಡಿಬರಲು 50,000 ಸುತ್ತು ಬೇಕು. ಸುತ್ತಿಗೆ ಹತ್ತನೇ ಒಂದು ಸೆಕೆಂಡಿನಂತೆ ಅದು 5,000 ಸೆಕೆಂಡ್, ಅಂದರೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ. ಇಂಥ ಕೋಡ್ ಒಂದೇ ಒಂದು ದೋಷಸಂದೇಶವನ್ನೂ ಕೊಡದೆ ಸುಮ್ಮನೆ ಕೂತಿರುತ್ತದೆ. ಇದರ ಮೇಲೆ, ಸಿ ಭಾಷೆಯ ಆ ಫಂಕ್ಷನ್ ಸೆಕೆಂಡಿಗೆ ಹತ್ತು ಲಕ್ಷ ಎಣಿಕೆಯ ಲೆಕ್ಕದಲ್ಲಿ ನಡೆಯುವುದರಿಂದ 32 ಬಿಟ್‌ನ ವ್ಯವಸ್ಥೆಗಳಲ್ಲಿ ಸುಮಾರು 72 ನಿಮಿಷದ ಸಿಪಿಯು ಸಮಯಕ್ಕೊಮ್ಮೆ ಎಣಿಕೆ ತುಂಬಿ ಹಿಂದಕ್ಕೆ ಸುತ್ತುತ್ತಿತ್ತು. ದೀರ್ಘಕಾಲ ಓಡುವ ಲೆಕ್ಕಾಚಾರಗಳಿಗೆ ಇದು ಇನ್ನೊಂದು ಗುಂಡಿ.

ಇಷ್ಟೆಲ್ಲ ಇದ್ದೂ ಈ ಫಂಕ್ಷನ್ ಅಷ್ಟು ವ್ಯಾಪಕವಾಗಿ ಹರಡಿದ್ದಕ್ಕೆ ಕಾರಣವಿದೆ. ಅಲ್ಗಾರಿದಮ್‌ಗಳ ವೇಗ ಅಳೆಯಲು ಬಳಸಬೇಕಾದ ಫಂಕ್ಷನ್ ಇದೇ ಎಂದು ಪೈಥಾನ್ 2ರ ಅಧಿಕೃತ ದಸ್ತಾವೇಜೇ ಹೇಳುತ್ತಿತ್ತು. ಆದ್ದರಿಂದ ಹಳೆಯ ಕೋಡ್‌ನಲ್ಲಿ ಇದನ್ನು ಕಂಡಾಗ ಬರೆದವರ ಅಜ್ಞಾನ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ದಸ್ತಾವೇಜನ್ನು ಓದಿಯೇ ಬರೆದಿದ್ದರು.

ಏಳು ವರ್ಷದ ಬೀಳ್ಕೊಡುಗೆ

2012ರಲ್ಲಿ ವಿಕ್ಟರ್ ಸ್ಟಿನ್ನರ್ ಮತ್ತು ಸಹಲೇಖಕರು ಮಂಡಿಸಿದ ಪೆಪ್ 418 ಎಂಬ ಪ್ರಸ್ತಾವ ಈ ಗೊಂದಲವನ್ನು ಬಿಡಿಸಿತು. ಒಂದೇ ಹೆಸರಿನಡಿ ಇದ್ದ ಅರ್ಥಗಳನ್ನು ಬೇರ್ಪಡಿಸಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಪೈಥಾನ್ 3.3ರಲ್ಲಿ ಪರ್ಫ್_ಕೌಂಟರ್, ಪ್ರೊಸೆಸ್_ಟೈಮ್ ಮತ್ತು ಮೊನೊಟೊನಿಕ್ ಎಂಬ ಮೂರು ಫಂಕ್ಷನ್‌ಗಳನ್ನೂ, ಗಡಿಯಾರಗಳ ಗುಣಲಕ್ಷಣ ಕೇಳಲು ಗೆಟ್_ಕ್ಲಾಕ್_ಇನ್ಫೋ ಎಂಬುದನ್ನೂ ಸೇರಿಸಲಾಯಿತು. ಟೈಮ್.ಕ್ಲಾಕ್ ಬಳಕೆ ಸಲ್ಲದು ಎಂದು ದಸ್ತಾವೇಜಿನಲ್ಲಿ ಅಂದೇ ಬರೆಯಲಾಯಿತು. ಆದರೆ ಓಡುವಾಗ ಎಚ್ಚರಿಕೆ ಕೊಡಲು ಆರಂಭಿಸಿದ್ದು 2018ರ 3.7ರಲ್ಲಿ, ತೆಗೆದುಹಾಕಿದ್ದು 2019ರ ಅಕ್ಟೋಬರ್‌ನಲ್ಲಿ ಬಂದ 3.8ರಲ್ಲಿ.

ಏಳು ವರ್ಷ ಕೊಟ್ಟರೂ ಎಷ್ಟೋ ಜನ ಬೆಚ್ಚಿದ್ದು ಏಕೆ ಎಂಬುದು ಎಚ್ಚರಿಕೆ ತಲುಪುವ ಬಗೆಯಲ್ಲಿ ಅಡಗಿದೆ. ಡೆಪ್ರಿಕೇಶನ್ ವಾರ್ನಿಂಗ್ ಎಂಬ ವರ್ಗದ ಎಚ್ಚರಿಕೆಗಳನ್ನು ಪೈಥಾನ್ ಸಾಮಾನ್ಯವಾಗಿ ತೋರಿಸುವುದಿಲ್ಲ, 3.7ರಿಂದ, ನೇರವಾಗಿ ಓಡಿಸಿದ ಮುಖ್ಯ ಫೈಲಿನಲ್ಲಿ ಹುಟ್ಟಿದ ಎಚ್ಚರಿಕೆ ಮಾತ್ರ ಕಾಣುತ್ತದೆ. ಹಾಗಾಗಿ ಆಮದು ಮಾಡಿಕೊಂಡ ಲೈಬ್ರರಿಯೊಳಗೆ ಟೈಮ್.ಕ್ಲಾಕ್ ಇದ್ದವರಿಗೆ ಏನೂ ಕಾಣದೆ, ಆವೃತ್ತಿ ಬದಲಾದ ದಿನವೇ ನೇರವಾಗಿ ದೋಷ ಎದುರಾಯಿತು.

ಕಳೆದ ಸಮಯ ಬೇಕಾದಾಗ: ಪರ್ಫ್_ಕೌಂಟರ್

ಎರಡು ಬಿಂದುಗಳ ನಡುವೆ ಹೊರ ಜಗತ್ತಿನಲ್ಲಿ ಎಷ್ಟು ಹೊತ್ತು ಕಳೆಯಿತು, ಬಳಕೆದಾರ ಎಷ್ಟು ಹೊತ್ತು ಕಾದ, ಈ ಕ್ವೆರಿಗೆ ಉತ್ತರ ಬರಲು ಎಷ್ಟು ಹಿಡಿಯಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಪರ್ಫ್_ಕೌಂಟರ್. ಲಭ್ಯವಿರುವ ಅತಿ ಸೂಕ್ಷ್ಮ ಗಡಿಯಾರವನ್ನು ಅದು ಬಳಸುತ್ತದೆ: ವಿಂಡೋಸ್‌ನಲ್ಲಿ ಅದೇ ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್, ಲಿನಕ್ಸ್‌ನಲ್ಲಿ ಕ್ಲಾಕ್ ಮೊನೊಟೊನಿಕ್. ನಿದ್ರೆಯ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದು ಕೊಡುವ ಸಂಖ್ಯೆಗೆ ಸ್ವತಂತ್ರ ಅರ್ಥವಿಲ್ಲ, ಎರಡು ಕರೆಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಅರ್ಥ.

ಈ ಕೊನೆಯ ಮಾತು ಹಳೆಯ ವಿಂಡೋಸ್ ಕೋಡ್ ಬದಲಿಸುವವರು ಗಮನಿಸಲೇಬೇಕಾದದ್ದು. ವಿಂಡೋಸ್‌ನಲ್ಲಿ ಟೈಮ್.ಕ್ಲಾಕ್‌ನ ಮೊದಲ ಕರೆಯೇ ಸೊನ್ನೆಯಾಗಿದ್ದುದರಿಂದ, ಆರಂಭದ ಓದುವಿಕೆಯನ್ನು ಉಳಿಸಿಕೊಳ್ಳದೆ ಕೊನೆಯಲ್ಲಿ ಒಮ್ಮೆ ಕರೆದು ಅದನ್ನೇ 'ಒಟ್ಟು ಸಮಯ' ಎಂದು ಮುದ್ರಿಸುವ ಅಭ್ಯಾಸ ಕೆಲವು ಕಡೆ ಇತ್ತು. ಅಂಥ ಕಡೆ ಹೆಸರನ್ನಷ್ಟೇ ಬದಲಿಸಿದರೆ ಕಂಪ್ಯೂಟರ್ ಆರಂಭವಾದಾಗಿನಿಂದ ಆದ ಸಮಯದಂಥ ದೊಡ್ಡ ಸಂಖ್ಯೆಯೊಂದು ಒಟ್ಟು ಸಮಯದ ಜಾಗದಲ್ಲಿ ಬಂದು ಕೂರಬಹುದು. ಆರಂಭದಲ್ಲಿ ಒಮ್ಮೆ ಓದಿ, ಕೊನೆಯಲ್ಲಿ ಕಳೆಯುವ ಕ್ರಮಕ್ಕೆ ತಿದ್ದಬೇಕು.

ಸಣ್ಣ ಕೋಡ್ ತುಣುಕುಗಳ ವೇಗವನ್ನಷ್ಟೇ ಹೋಲಿಸುವುದಾದರೆ ಗಡಿಯಾರವನ್ನು ಕೈಯಾರೆ ಕರೆಯುವ ಬದಲು ಟೈಮಿಟ್ ಮಾಡ್ಯೂಲನ್ನು ಬಳಸುವುದು ಉತ್ತಮ. ಅದು ತುಣುಕನ್ನು ಅನೇಕ ಬಾರಿ ಓಡಿಸುತ್ತದೆ, ಅಳೆಯುವಾಗ ಗಾರ್ಬೇಜ್ ಕಲೆಕ್ಷನ್ನನ್ನು (ಬಳಕೆ ಮುಗಿದ ಮೆಮೊರಿಯನ್ನು ತೆರವುಗೊಳಿಸುವ ಕೆಲಸವನ್ನು) ತಾನಾಗಿಯೇ ನಿಲ್ಲಿಸುತ್ತದೆ. ಅದರೊಳಗಿನ ಡೀಫಾಲ್ಟ್_ಟೈಮರ್ ಪೈಥಾನ್ 2ರಲ್ಲಿ ವಿಂಡೋಸ್‌ಗೆ ಟೈಮ್.ಕ್ಲಾಕ್, ಉಳಿದ ಕಡೆಗೆ ಟೈಮ್.ಟೈಮ್ ಆಗಿತ್ತು, 3.3ರಿಂದ ಎಲ್ಲೆಡೆ ಪರ್ಫ್_ಕೌಂಟರ್. ಹಳೆಯ 2.7ರಲ್ಲೂ ಹೊಸದರಲ್ಲೂ ಓಡಲೇಬೇಕಾದ ಕೋಡ್ ಇನ್ನೂ ಕೈಯಲ್ಲಿದ್ದರೆ, ಕಳೆದ ಸಮಯ ಅಳೆಯಲು ಈ ಡೀಫಾಲ್ಟ್_ಟೈಮರ್ ಅನ್ನೇ ಆಮದು ಮಾಡಿಕೊಳ್ಳುವುದು ಕಡಿಮೆ ತೊಂದರೆಯ ದಾರಿ.

ದುಡಿಮೆಯ ಸಮಯ ಬೇಕಾದಾಗ: ಪ್ರೊಸೆಸ್_ಟೈಮ್

ಮೂಲ ಕೋಡ್ ಲಿನಕ್ಸ್‌ನದ್ದಾಗಿದ್ದು, ಒಂದು ಅಲ್ಗಾರಿದಮ್ ಎಷ್ಟು ಸಿಪಿಯು ತಿನ್ನುತ್ತದೆ ಎಂದು ಅಳೆಯುತ್ತಿದ್ದರೆ, ಅದರ ನಿಜವಾದ ಉತ್ತರಾಧಿಕಾರಿ ಪರ್ಫ್_ಕೌಂಟರ್ ಅಲ್ಲ, ಪ್ರೊಸೆಸ್_ಟೈಮ್. ಬಳಕೆದಾರ ಮಟ್ಟದಲ್ಲಿಯೂ ಕರ್ನಲ್ ಮಟ್ಟದಲ್ಲಿಯೂ ಈ ಪ್ರೊಸೆಸ್‌ಗಾಗಿ ಸಿಪಿಯು ವ್ಯಯಿಸಿದ ಸಮಯದ ಮೊತ್ತವನ್ನು ಅದು ಕೊಡುತ್ತದೆ. ಅದೇ ಯಂತ್ರದಲ್ಲಿ ಬೇರೆ ಕೆಲಸಗಳು ನಡೆಯುತ್ತಿದ್ದು ನಮ್ಮ ಪ್ರೋಗ್ರಾಂ ಸರದಿಗಾಗಿ ಕಾಯಬೇಕಾಗಿ ಬಂದರೂ ಆ ಕಾಯುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಹಂಚಿಕೊಂಡ ಸರ್ವರ್‌ನಲ್ಲಿ ಎರಡು ವಿಧಾನಗಳನ್ನು ಹೋಲಿಸುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಇದರ ಮಿತಿಗಳನ್ನು ಚೆನ್ನಾಗಿ ತಿಳಿದುಕೊಂಡೇ ಬಳಸಬೇಕು. ಮೊದಲನೆಯದಾಗಿ, ಇದು ಪ್ರೊಸೆಸ್‌ನ ಎಲ್ಲ ಥ್ರೆಡ್‌ಗಳ, ಅಂದರೆ ಅದರೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳ, ಮೊತ್ತ. ಸಂಖ್ಯಾ ಲೆಕ್ಕಾಚಾರದ ಲೈಬ್ರರಿಯಾದ ನಂಪೈ ಬಳಸುವ ರೇಖೀಯ ಬೀಜಗಣಿತದ ಲೈಬ್ರರಿಯೊಂದು ನಾಲ್ಕು ಥ್ರೆಡ್‌ಗಳಲ್ಲಿ ಪೂರ್ತಿ ಒಂದು ಸೆಕೆಂಡ್ ದುಡಿದರೆ ಪ್ರೊಸೆಸ್_ಟೈಮ್ ಸುಮಾರು ನಾಲ್ಕು ಸೆಕೆಂಡ್ ತೋರಿಸುತ್ತದೆ, ಬಳಕೆದಾರ ಕಾದದ್ದು ಒಂದೇ ಸೆಕೆಂಡಾದರೂ. ಕೋಡನ್ನು ಸಮಾನಾಂತರಗೊಳಿಸಿ ವೇಗ ಹೆಚ್ಚಿಸಿದವರು ಈ ಗಡಿಯಾರ ನೋಡಿದರೆ ತಮ್ಮ ಪ್ರಯತ್ನ ವ್ಯರ್ಥವಾಯಿತೆಂದೇ ತಿಳಿಯುತ್ತಾರೆ. ಎರಡನೆಯದಾಗಿ, ಪ್ರೋಗ್ರಾಂ ಹುಟ್ಟಿಸಿದ ಬೇರೆ ಪ್ರೊಸೆಸ್‌ಗಳ ದುಡಿಮೆ ಇದರಲ್ಲಿ ಸೇರುವುದಿಲ್ಲ. ಮಲ್ಟಿಪ್ರೊಸೆಸಿಂಗ್ ಬಳಸುವ ಕೋಡ್‌ನಲ್ಲಿ ಮುಖ್ಯ ಪ್ರೊಸೆಸ್ ಬರೀ ಕಾಯುತ್ತಿರುವುದರಿಂದ, ಗಂಟೆಗಟ್ಟಲೆಯ ಲೆಕ್ಕಾಚಾರಕ್ಕೂ ಕ್ಷುಲ್ಲಕ ಅಂಕಿ ಬರಬಹುದು. ಯೂನಿಕ್ಸ್‌ನಲ್ಲಿ ಮುಗಿದ ಮಕ್ಕಳ ಪ್ರೊಸೆಸ್‌ಗಳ ಸಮಯವನ್ನು ಓಎಸ್.ಟೈಮ್ಸ್ ಬೇರೆಯಾಗಿ ಕೊಡುತ್ತದೆ. ವಿಂಡೋಸ್‌ನಲ್ಲಿ ಆ ಅಂಕಣಗಳು ಸೊನ್ನೆಯೇ.

ಮೂರನೆಯದು ಸೂಕ್ಷ್ಮತೆಗೆ ಸಂಬಂಧಿಸಿದ್ದು. ವಿಂಡೋಸ್‌ನಲ್ಲಿ ಪ್ರೊಸೆಸ್_ಟೈಮ್‌ನ ಮೂಲಮಾನ 100 ನ್ಯಾನೋಸೆಕೆಂಡ್ ಎಂದು ಗೆಟ್_ಕ್ಲಾಕ್_ಇನ್ಫೋ ಹೇಳಿದರೂ, ವಾಸ್ತವದಲ್ಲಿ ಆ ಎಣಿಕೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಐದು ಮಿಲಿಸೆಕೆಂಡಿನ ಕೆಲಸವನ್ನು ಅದರಿಂದ ಅಳೆದರೆ ಒಮ್ಮೆ 0 ಬರುತ್ತದೆ, ಇನ್ನೊಮ್ಮೆ 0.015625 ಬರುತ್ತದೆ, ನಡುವಿನದೇನೂ ಬರುವುದಿಲ್ಲ. ಅಂಥ ಅಳತೆಗಳಿಗೆ ಕೆಲಸವನ್ನು ಪುನರಾವರ್ತಿಸಿ ಸೆಕೆಂಡುಗಳ ಮಟ್ಟಕ್ಕೆ ತಂದು ಭಾಗಿಸಬೇಕು, ಇಲ್ಲವೇ ಪರ್ಫ್_ಕೌಂಟರ್‌ಗೆ ಹೋಗಬೇಕು. ವೇದಿಕೆಯ ಅವಲಂಬನೆ ಪೂರ್ತಿ ಹೋಗಿಲ್ಲ ಎಂಬುದು ನಿಜ; ಆದರೆ ಈಗ ಉಳಿದಿರುವುದು ಸೂಕ್ಷ್ಮತೆಯ ಭೇದ, ಅರ್ಥದ ಭೇದವಲ್ಲ, ಮತ್ತು ನನ್ನ ಲೆಕ್ಕದಲ್ಲಿ ಈ ಎರಡರ ನಡುವೆ ಬಹಳ ಅಂತರವಿದೆ.

ಒಂದು ಥ್ರೆಡ್‌ನ ಸಿಪಿಯು ಸಮಯ ಮಾತ್ರ ಬೇಕಿದ್ದರೆ 3.7ರಿಂದ ಥ್ರೆಡ್_ಟೈಮ್ ಇದೆ. ಹೆಚ್ಚಿನ ಪ್ರೋಗ್ರಾಂಗಳಿಗೆ ಇದರ ಅಗತ್ಯ ಬೀಳುವುದಿಲ್ಲ.

ಗಡುವು ಕಾಯಲು: ಮೊನೊಟೊನಿಕ್

ಸಮಯ ಮಿತಿ, ಮರುಪ್ರಯತ್ನದ ನಡುವಿನ ವಿರಾಮ, 'ಮೂವತ್ತು ಸೆಕೆಂಡ್ ಮೀರಿದರೆ ಕೈಬಿಡು' ಎಂಬಂಥ ತರ್ಕ ಇವುಗಳಿಗೆ ಮೊನೊಟೊನಿಕ್ ಹೊಂದುತ್ತದೆ. ಅದು ಎಂದೂ ಹಿಂದಕ್ಕೆ ಹೋಗುವುದಿಲ್ಲ, ಯಾರಾದರೂ ವ್ಯವಸ್ಥೆಯ ಗಡಿಯಾರವನ್ನು ತಿದ್ದಿದರೂ ಕದಲುವುದಿಲ್ಲ. ಅನೇಕ ಕೆಲಸಗಳನ್ನು ಕಾಯದೆ ಒಟ್ಟಿಗೆ ನಡೆಸುವ ಪೈಥಾನ್‌ನದೇ ಮಾಡ್ಯೂಲ್ ಅಸಿಂಕ್ಐಓ ತನ್ನ ಒಳಗಿನ ವೇಳಾಪಟ್ಟಿಗೆ ಇದನ್ನೇ ಬಳಸುತ್ತದೆ. ಮೇಲೆ ಹೇಳಿದ ಕಾಯುವ ಕುಣಿಕೆಯ ಸರಿಯಾದ ದುರಸ್ತಿಯೂ ಇದೇ.

ಹಾಗಾದರೆ ಪರ್ಫ್_ಕೌಂಟರ್‌ಗೂ ಇದಕ್ಕೂ ಏನು ವ್ಯತ್ಯಾಸ? ಲಿನಕ್ಸ್‌ನಲ್ಲಿ ಎರಡೂ ಒಂದೇ ಗಡಿಯಾರದ ಮೇಲೆ ನಿಂತಿವೆ. ವಿಂಡೋಸ್‌ನಲ್ಲಿ ಬಹುಕಾಲ ಮೊನೊಟೊನಿಕ್ 15.6 ಮಿಲಿಸೆಕೆಂಡಿನ ಒರಟು ಎಣಿಕೆಯನ್ನು ಬಳಸುತ್ತಿತ್ತು, ಪರ್ಫ್_ಕೌಂಟರ್ ಸೂಕ್ಷ್ಮವಾದದ್ದನ್ನು, ಪೈಥಾನ್ 3.13ರಲ್ಲಿ ಮೊನೊಟೊನಿಕ್ ಕೂಡ ಸೂಕ್ಷ್ಮ ಗಡಿಯಾರಕ್ಕೆ ಬದಲಾಗಿ ಈ ಅಂತರವೂ ಮುಚ್ಚಿತು. ಹಾಗಿದ್ದರೂ ಎರಡು ಹೆಸರುಗಳನ್ನು ಅವುಗಳ ಉದ್ದೇಶಕ್ಕೆ ತಕ್ಕಂತೆ ಬಳಸುವುದನ್ನೇ ನಾನು ಒತ್ತಾಯಿಸುತ್ತೇನೆ. ಕೋಡ್ ಓದುವವರಿಗೆ ಪರ್ಫ್_ಕೌಂಟರ್ ಕಂಡರೆ ಇಲ್ಲಿ ಏನನ್ನೋ ಅಳೆಯಲಾಗುತ್ತಿದೆ ಎಂದೂ, ಮೊನೊಟೊನಿಕ್ ಕಂಡರೆ ಇಲ್ಲಿ ಯಾವುದಕ್ಕೋ ಗಡುವು ಹಾಕಲಾಗಿದೆ ಎಂದೂ ತಿಳಿಯುತ್ತದೆ. ಹೊಸ ಹೆಸರುಗಳನ್ನು ತಂದದ್ದೇ ಈ ಸ್ಪಷ್ಟತೆಗಾಗಿ.

ಲ್ಯಾಪ್‌ಟಾಪ್‌ಗಳಲ್ಲಿ ಓಡುವ ಕೋಡ್‌ಗೆ ಇನ್ನೊಂದು ಸಂಗತಿ ಮುಖ್ಯ. ಯಂತ್ರವನ್ನು ಸಸ್ಪೆಂಡ್ ಮಾಡಿದ ಹೊತ್ತನ್ನು ಲಿನಕ್ಸ್‌ನ ಕ್ಲಾಕ್ ಮೊನೊಟೊನಿಕ್ ಎಣಿಸುವುದಿಲ್ಲ. ಎರಡು ಗಂಟೆ ಮುಚ್ಚಿಟ್ಟು ತೆರೆದ ಮೇಲೂ 'ಹತ್ತು ನಿಮಿಷದ ನಂತರ ಲಾಗಿನ್ ಅವಧಿ ಮುಗಿಸು' ಎಂಬ ನಿಯಮ ಇನ್ನೂ ಹತ್ತು ನಿಮಿಷ ಕಾಯಬಹುದು. ಸಸ್ಪೆಂಡ್ ಆಗಿದ್ದ ಹೊತ್ತೂ ಸೇರಬೇಕೆಂದರೆ ಲಿನಕ್ಸ್‌ನಲ್ಲಿ ಕ್ಲಾಕ್ ಬೂಟ್‌ಟೈಮ್ ಎಂಬ ಬೇರೆ ಗಡಿಯಾರವಿದೆ. ಟೈಮ್ ಮಾಡ್ಯೂಲಿನ ಕ್ಲಾಕ್_ಗೆಟ್‌ಟೈಮ್ ಮೂಲಕ ಅದನ್ನು ಓದಬಹುದು.

ಟೈಮ್.ಟೈಮ್ ಏಕೆ ಬದಲಿಯಲ್ಲ

ಟೈಮ್.ಕ್ಲಾಕ್ ಇಲ್ಲವೆಂದು ತಿಳಿದ ಕೂಡಲೇ ಅನೇಕರು ಚಿರಪರಿಚಿತವಾದ ಟೈಮ್.ಟೈಮ್ ಕಡೆಗೆ ತಿರುಗುತ್ತಾರೆ. ಘಟನೆ ನಡೆದದ್ದು ಯಾವಾಗ ಎಂದು ದಾಖಲಿಸಲು ಅದೇ ಸರಿ. ಅವಧಿ ಅಳೆಯಲು ಮಾತ್ರ ಅಲ್ಲ. ಅದು 1970ರ ಜನವರಿ 1ರಿಂದ ಎಣಿಸುವ ಕ್ಯಾಲೆಂಡರ್ ಗಡಿಯಾರ. ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಅದನ್ನು ತಿದ್ದುತ್ತಿರುತ್ತದೆ, ಆಡಳಿತಗಾರರು ಕೈಯಾರೆ ಬದಲಿಸಬಹುದು, ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸುವ ಅಧಿಕ ಸೆಕೆಂಡ್ ಬಂದಾಗ ಅದು ಹಿಂದಕ್ಕೂ ಹೋಗಬಹುದು. ಹಾಗೆ ಹೋದರೆ ಎರಡು ಓದುವಿಕೆಗಳ ವ್ಯತ್ಯಾಸ ಋಣಾತ್ಮಕವಾಗುತ್ತದೆ.

ಇದು ಬರೀ ಸೈದ್ಧಾಂತಿಕ ಭಯವಲ್ಲ. 2016ರ ಡಿಸೆಂಬರ್ 31ರ ಕೊನೆಗೆ ಸೇರಿಸಿದ ಅಧಿಕ ಸೆಕೆಂಡಿನ ವೇಳೆ ಕ್ಲೌಡ್‌ಫ್ಲೇರ್ ಸಂಸ್ಥೆಯ ಡಿಎನ್ಎಸ್ (ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ) ತಂತ್ರಾಂಶದ ಒಂದು ಭಾಗ ಕುಸಿದಿತ್ತು. ಗೋ ಭಾಷೆಯಲ್ಲಿ ಬರೆದಿದ್ದ ಆ ತಂತ್ರಾಂಶದಲ್ಲಿ ಸಮಯ ಹಿಂದಕ್ಕೆ ಹೋಗದು ಎಂಬ ಊಹೆಯ ಮೇಲೆ ಲೆಕ್ಕ ಹಾಕಿದ್ದ ಕಡೆ ಋಣಾತ್ಮಕ ಸಂಖ್ಯೆ ಬಂದದ್ದೇ ಕಾರಣ ಎಂದು ಸಂಸ್ಥೆಯೇ ವಿವರಿಸಿತು. 2017ರ ಆಗಸ್ಟ್‌ನಲ್ಲಿ ಬಂದ ಗೋ 1.9, ಸಮಯದ ಮೌಲ್ಯದೊಳಗೇ ಮೊನೊಟೊನಿಕ್ ಓದುವಿಕೆಯನ್ನೂ ಸೇರಿಸಿಟ್ಟಿತು. ಬಳಕೆದಾರರು ತಮ್ಮ ಕೋಡ್‌ನಲ್ಲಿ ಏನನ್ನೂ ಬದಲಿಸಬೇಕಾಗಿ ಬರಲಿಲ್ಲ. ಪೈಥಾನ್ ಹಾಗೆ ಮಾಡದೆ ಆಯ್ಕೆಯನ್ನು ಬರೆಯುವವರ ಕೈಗೇ ಕೊಟ್ಟಿದೆ, ಹಾಗಾಗಿ ಜವಾಬ್ದಾರಿಯೂ ಅವರದೇ.

ಸೂಕ್ಷ್ಮತೆಯ ದೃಷ್ಟಿಯಿಂದಲೂ ಟೈಮ್.ಟೈಮ್ ಹಿಂದೆ ಬೀಳುತ್ತದೆ. ವಿಂಡೋಸ್‌ನಲ್ಲಿ 3.13ಕ್ಕಿಂತ ಮೊದಲು ಅದರ ಹೆಜ್ಜೆ 15.6 ಮಿಲಿಸೆಕೆಂಡ್ ಇತ್ತು. ಎಲ್ಲ ವೇದಿಕೆಗಳಲ್ಲೂ ಇರುವ ಮಿತಿಯೆಂದರೆ, 170 ಕೋಟಿ ದಾಟಿದ ಸೆಕೆಂಡುಗಳ ಸಂಖ್ಯೆಯನ್ನು 53 ಬಿಟ್ ನಿಖರತೆಯ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಯಾಗಿ) ಇಟ್ಟಾಗ ಎರಡು ಪಕ್ಕಪಕ್ಕದ ಮೌಲ್ಯಗಳ ಅಂತರವೇ ಸುಮಾರು 238 ನ್ಯಾನೋಸೆಕೆಂಡ್ ಆಗುತ್ತದೆ. 3.7ರಲ್ಲಿ ಪೆಪ್ 564ರ ಮೂಲಕ ಬಂದ, ಹೆಸರಿನ ಕೊನೆಗೆ ಎನ್ಎಸ್ ಹೊತ್ತ ಫಂಕ್ಷನ್‌ಗಳು ಪೂರ್ಣಾಂಕದಲ್ಲಿ ನ್ಯಾನೋಸೆಕೆಂಡುಗಳನ್ನು ಕೊಟ್ಟು ಈ ನಷ್ಟವನ್ನು ತಪ್ಪಿಸುತ್ತವೆ. ಪರ್ಫ್_ಕೌಂಟರ್‌ನ ಸಂಖ್ಯೆಗಳು ಚಿಕ್ಕವಾಗಿರುವುದರಿಂದ ಅಲ್ಲಿ ಈ ಸಮಸ್ಯೆ ಬೇಗ ಕಾಣಿಸದು; ಎಣಿಕೆ 104 ದಿನ ದಾಟಿದ ಮೇಲಷ್ಟೇ ಒಂದು ನ್ಯಾನೋಸೆಕೆಂಡಿನ ನಿಖರತೆ ಕಳೆದುಹೋಗಲು ಆರಂಭಿಸುತ್ತದೆ.

ಕರೆ ಬೇರೆಯವರ ಲೈಬ್ರರಿಯೊಳಗಿದ್ದರೆ

ಎಷ್ಟೋ ಬಾರಿ ದೋಷ ಹುಟ್ಟುವುದು ನಾವು ಬರೆದ ಸಾಲಿನಲ್ಲಿ ಅಲ್ಲ. ಗೂಢಲಿಪಿಯ ಲೈಬ್ರರಿಯಾದ ಪೈಕ್ರಿಪ್ಟೋದ ಯಾದೃಚ್ಛಿಕ ಸಂಖ್ಯೆಗಳ ಭಾಗದಲ್ಲಿ ಟೈಮ್.ಕ್ಲಾಕ್ ಕರೆಯಿತ್ತು, ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯುಎಲ್‌ಆಲ್ಕೆಮಿಯ ಹಳೆಯ ಆವೃತ್ತಿಗಳು ವಿಂಡೋಸ್‌ನಲ್ಲಿ ಅದನ್ನು ಬಳಸುತ್ತಿದ್ದವು. ಇಲ್ಲಿ ಮೂರು ದಾರಿಗಳಿವೆ, ಮತ್ತು ಅವು ಸಮಾನವಲ್ಲ.

ಲೈಬ್ರರಿಯ ಹೊಸ ಆವೃತ್ತಿಗೆ ಹೋಗುವುದು ಮೊದಲ ಆಯ್ಕೆ. ಎಸ್‌ಕ್ಯುಎಲ್‌ಆಲ್ಕೆಮಿಯ ವಿಷಯದಲ್ಲಿ ಅಷ್ಟೇ ಸಾಕು. ಲೈಬ್ರರಿಯ ಪಾಲನೆಯೇ ನಿಂತುಹೋಗಿದ್ದರೆ ಬದಲಿ ಲೈಬ್ರರಿಗೆ ಹೋಗಬೇಕು: ಪೈಕ್ರಿಪ್ಟೋದ ಕೊನೆಯ ಬಿಡುಗಡೆ 2013ರದ್ದು, ಅದರ ಜಾಗವನ್ನು ಪೈಕ್ರಿಪ್ಟೋಡೋಮ್ ತುಂಬಿದೆ. ಭದ್ರತೆಗೆ ಸಂಬಂಧಿಸಿದ ಲೈಬ್ರರಿಯೊಂದು ಅಷ್ಟು ವರ್ಷಗಳಿಂದ ದುರಸ್ತಿಯಿಲ್ಲದೆ ಇದೆ ಎಂಬ ಸಂಗತಿ, ಗಡಿಯಾರದ ದೋಷಕ್ಕಿಂತ ಎಷ್ಟೋ ಗಂಭೀರ. ಈ ದೋಷ ಅದನ್ನು ಕಣ್ಣಿಗೆ ತಂದುಕೊಟ್ಟಿತು ಎಂದೇ ತಿಳಿಯಬೇಕು.

ಮೂರನೆಯ ದಾರಿ, ಪ್ರೋಗ್ರಾಮಿನ ಆರಂಭದಲ್ಲಿಯೇ ಟೈಮ್ ಮಾಡ್ಯೂಲಿಗೆ 'ಕ್ಲಾಕ್' ಎಂಬ ಹೆಸರನ್ನು ಮತ್ತೆ ಸೇರಿಸಿ ಅದಕ್ಕೆ ಪರ್ಫ್_ಕೌಂಟರ್ ಜೋಡಿಸುವುದು. ಇದು ಒಂದೇ ಸಾಲು, ಆದ್ದರಿಂದಲೇ ಜನಪ್ರಿಯ. ಆದರೆ ಇದರಿಂದ ಪ್ರೊಸೆಸ್‌ನಲ್ಲಿರುವ ಪ್ರತಿಯೊಂದು ಲೈಬ್ರರಿಗೂ ಒಂದೇ ಅರ್ಥವನ್ನು ಹೇರಿದಂತಾಗುತ್ತದೆ. ಯಾವುದು ಸಿಪಿಯು ಸಮಯವನ್ನು ನಿರೀಕ್ಷಿಸಿತ್ತು, ಯಾವುದು ಕಳೆದ ಸಮಯವನ್ನು ನಿರೀಕ್ಷಿಸಿತ್ತು ಎಂದು ನೋಡುವ ಅವಕಾಶವೇ ಇಲ್ಲ. ಅಷ್ಟೇ ಅಲ್ಲ, 'ಟೈಮ್‌ನಲ್ಲಿ ಕ್ಲಾಕ್ ಇದೆಯೇ' ಎಂದು ಪರೀಕ್ಷಿಸಿ ಇಲ್ಲದಿದ್ದರೆ ಹೊಸದನ್ನು ಬಳಸುವ ಸಭ್ಯ ಕೋಡ್ ಕೂಡ ಇದರಿಂದ ದಾರಿ ತಪ್ಪುತ್ತದೆ. ಒಂದು ರಾತ್ರಿ ಕೆಲಸ ನಡೆಸಲು ಇದನ್ನು ಬಳಸಿದರೆ ಅರ್ಥವಾಗುತ್ತದೆ. ಉತ್ಪಾದನೆಯ ಕೋಡ್‌ನಲ್ಲಿ ಉಳಿಸಿಕೊಳ್ಳುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಲೈಬ್ರರಿ ಪಾಲಕರ ಮುಂದಿದ್ದ ಆಯ್ಕೆಗಳು

ಇಂಥ ಫಂಕ್ಷನ್ ಕೈಯಲ್ಲಿರುವ ಬೇರೆ ಲೈಬ್ರರಿ ಪಾಲಕರಿಗೂ ಉಪಯೋಗವಾಗುವ ಹೋಲಿಕೆ ಇದು. ಹೆಸರನ್ನು ಉಳಿಸಿಕೊಂಡು ಎಲ್ಲ ವೇದಿಕೆಗಳಲ್ಲಿ ಒಂದೇ ಅರ್ಥ ಕೊಡುವಂತೆ ತಿದ್ದುವುದು ಮೇಲ್ನೋಟಕ್ಕೆ ಸೌಮ್ಯವಾದ ದಾರಿ. ಯಾವ ಪ್ರೋಗ್ರಾಮೂ ಒಡೆಯುವುದಿಲ್ಲ. ಆದರೆ ಬಳಕೆದಾರರಲ್ಲಿ ಒಂದು ಗುಂಪಿನವರ ಎಲ್ಲ ಅಂಕಿಗಳೂ ಸದ್ದಿಲ್ಲದೆ ಬೇರೆ ಅರ್ಥ ಪಡೆಯುತ್ತವೆ. ತಪ್ಪು ಅಂಕಿಯನ್ನು ಮೌನವಾಗಿ ಕೊಡುವ ಕೋಡ್, ನಿಂತುಹೋಗುವ ಕೋಡ್‌ಗಿಂತ ಹೆಚ್ಚು ಹಾನಿಕರ. ನಿಂತುಹೋದದ್ದನ್ನು ಯಾರಾದರೂ ಗಮನಿಸುತ್ತಾರೆ. ದಸ್ತಾವೇಜಿನಲ್ಲಿ 'ಬಳಸಬೇಡಿ' ಎಂದು ಬರೆದು ಶಾಶ್ವತವಾಗಿ ಬಿಟ್ಟುಬಿಡುವುದು ಇನ್ನೊಂದು ದಾರಿ. ದಸ್ತಾವೇಜನ್ನು ಮತ್ತೆ ಓದದವರೇ ಹೆಚ್ಚಿರುವುದರಿಂದ ಅದರಿಂದ ಹೊಸ ಕೋಡ್‌ನಲ್ಲಿ ಹಳೆಯ ತಪ್ಪು ಬೆಳೆಯುತ್ತಲೇ ಇರುತ್ತದೆ.

ಹೊಸ ಹೆಸರುಗಳನ್ನು ಮೊದಲು ಕೊಟ್ಟು, ಎಚ್ಚರಿಸಿ, ಕೊನೆಗೆ ಹಳೆಯದನ್ನು ತೆಗೆದದ್ದು ಸರಿಯಾದ ನಿರ್ಧಾರ ಎಂದು ನಾನು ದೃಢವಾಗಿ ನಂಬುತ್ತೇನೆ. ಎಚ್ಚರಿಕೆಯ ಸಂದೇಶದಲ್ಲಿಯೇ ಪರ್ಫ್_ಕೌಂಟರ್ ಮತ್ತು ಪ್ರೊಸೆಸ್_ಟೈಮ್ ಎರಡರ ಹೆಸರನ್ನೂ ಹೇಳಿದ್ದು ಅದಕ್ಕಿಂತ ಒಳ್ಳೆಯ ನಿರ್ಧಾರ, ಏಕೆಂದರೆ ಓದುವವರು ಅಲ್ಲಿಯೇ ನಿಂತು ಯೋಚಿಸಬೇಕಾಗುತ್ತದೆ. ನನ್ನ ತಕರಾರು ಇರುವುದು ಒಂದೇ ಕಡೆ: ಓಡುವಾಗಿನ ಎಚ್ಚರಿಕೆಯನ್ನು ತೆಗೆಯುವ ಮುಂಚಿನ ಒಂದೇ ಆವೃತ್ತಿಯಲ್ಲಿ ಕೊಡುವ ಬದಲು ಇನ್ನೂ ಒಂದೆರಡು ಆವೃತ್ತಿ ಮೊದಲೇ ಆರಂಭಿಸಿದ್ದರೆ ಲೈಬ್ರರಿ ಪಾಲಕರಿಗೆ ಉಸಿರಾಡಲು ಸಮಯ ಸಿಗುತ್ತಿತ್ತು.

ಬದಲಾವಣೆ ಮಾಡಲು ಕೂತಾಗ

ಮೊದಲು ಕೋಡ್‌ನಾದ್ಯಂತ ಹೆಸರನ್ನು ಹುಡುಕಿ. ಟೈಮ್.ಕ್ಲಾಕ್ ಎಂದು ಮಾತ್ರ ಹುಡುಕಿದರೆ ಸಾಲದು. ಟೈಮ್ ಮಾಡ್ಯೂಲಿನಿಂದ ಕ್ಲಾಕ್ ಅನ್ನು ನೇರವಾಗಿ ಆಮದು ಮಾಡಿಕೊಂಡ ಸಾಲುಗಳೂ ಇರುತ್ತವೆ. ಪೈಥಾನ್ 3.7 ಇನ್ನೂ ಕೈಗೆ ಸಿಗುವಂತಿದ್ದರೆ, ಡೆಪ್ರಿಕೇಶನ್ ಎಚ್ಚರಿಕೆಗಳನ್ನು ದೋಷಗಳಾಗಿ ಪರಿವರ್ತಿಸುವ ಆಯ್ಕೆಯೊಂದಿಗೆ ಪರೀಕ್ಷೆಗಳನ್ನು ಓಡಿಸಿ. ಲೈಬ್ರರಿಗಳೊಳಗೆ ಅಡಗಿದ ಕರೆಗಳೂ ಹೊರಬೀಳುತ್ತವೆ.

ಪ್ರತಿ ಕರೆಯ ಮುಂದೆಯೂ ಎರಡು ಪ್ರಶ್ನೆ ಕೇಳಿ: ಈ ಎರಡು ಓದುವಿಕೆಗಳ ನಡುವೆ ಕಾಯುವ ಕೆಲಸವೇನಾದರೂ ಇದೆಯೇ, ಮತ್ತು ಆ ಕಾಯುವಿಕೆ ಉತ್ತರದಲ್ಲಿ ಸೇರಬೇಕೇ? ಉದಾಹರಣೆಗೆ, ಚಿತ್ರವೊಂದನ್ನು ನೆಟ್‌ವರ್ಕಿನಿಂದ ತಂದು ಕುಗ್ಗಿಸುವ ಫಂಕ್ಷನ್ನಿನ ಸುತ್ತ ಅಳತೆ ಇದ್ದರೆ, ಬಳಕೆದಾರರ ಅನುಭವ ತಿಳಿಯಬೇಕಾದವರಿಗೆ ಪರ್ಫ್_ಕೌಂಟರ್ ಬೇಕು, ಕುಗ್ಗಿಸುವ ವಿಧಾನವನ್ನು ಸುಧಾರಿಸುತ್ತಿರುವವರಿಗೆ ಪ್ರೊಸೆಸ್_ಟೈಮ್ ಬೇಕು. ಎರಡನ್ನೂ ಒಟ್ಟಿಗೆ ದಾಖಲಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ, ಮತ್ತು ಅವುಗಳ ಅಂತರ ತಾನೇ ಒಂದು ಮಾಹಿತಿ: ಒಂಟಿ ಥ್ರೆಡ್‌ನ ಕೋಡ್‌ನಲ್ಲಿ ಕಳೆದದ್ದು ಮೂರು ಸೆಕೆಂಡ್, ದುಡಿದದ್ದು 0.2 ಸೆಕೆಂಡ್ ಎಂದರೆ ಅಲ್ಗಾರಿದಮ್ ತಿದ್ದುತ್ತ ಕೂರುವುದರಲ್ಲಿ ಅರ್ಥವಿಲ್ಲ, ನೆಟ್‌ವರ್ಕ್ ಅಥವಾ ಡಿಸ್ಕಿನ ಕಡೆ ನೋಡಬೇಕು.

ಬದಲಿಸಿದ ಕೋಡ್ ಹಳೆಯ ಅಂಕಿಗಳ ಜೊತೆ ಒಂದೇ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದಾದರೆ, ಯಾವ ದಿನದಿಂದ ಯಾವ ಗಡಿಯಾರ ಎಂಬುದನ್ನು ನಕ್ಷೆಯ ಮೇಲೆಯೇ ಗುರುತಿಸಿ, ಸಾಧ್ಯವಾದರೆ ಅಂಕಣದ ಹೆಸರನ್ನೂ ಬದಲಿಸಿ. ಹಿಂದಿನ ಅಂಕಿಗಳನ್ನು ಲಿನಕ್ಸ್ ಮತ್ತು ವಿಂಡೋಸ್ ಯಂತ್ರಗಳು ಎರಡೂ ಸೇರಿ ಕಳಿಸುತ್ತಿದ್ದರೆ, ಆ ಹಳೆಯ ಸರಾಸರಿಗಳನ್ನು ಹೊಸದಕ್ಕೆ ಹೋಲಿಸಲು ಹೋಗಬೇಡಿ. ಯಂತ್ರದ ವ್ಯವಸ್ಥೆ ಯಾವುದೆಂದು ಪ್ರತಿ ಸಾಲಿನಲ್ಲೂ ದಾಖಲಾಗಿದ್ದರೆ ಮಾತ್ರ ಅವನ್ನು ಬೇರ್ಪಡಿಸಿ ಬಳಸಬಹುದು.